ಮೇಲಿಂದ ಬರುವವರೇ ನೋಡಿಕೊಂಡು ಬರಬೇಕು: ಡೊಲೊಮೈಟ್ಸ್ ಹಿಮದಲ್ಲಿ ಒಂದು ವಾರ

ಶನಿವಾರ

ಫೆಬ್ರವರಿಯ ಫಾಷಿಂಗ್ (ಕಾರ್ನಿವಲ್ ಹಬ್ಬದ) ರಜೆಗೆ ಜರ್ಮನಿಯ ಬವೇರಿಯಾ ರಾಜ್ಯದ ಶಾಲೆಗಳೆಲ್ಲ ಒಟ್ಟಿಗೆ ಮುಚ್ಚುತ್ತವೆ. ಮ್ಯೂನಿಕ್‌ನಿಂದ ದಕ್ಷಿಣಕ್ಕೆ ಹೊರಟ ಕಾರುಗಳ ತಲೆಯ ಮೇಲೆಲ್ಲ ಸ್ಕೀ ಪೆಟ್ಟಿಗೆ. ಆಲ್ಪ್ಸ್ ಊರುಗಳಲ್ಲಿ ಬಾಡಿಗೆ ಮನೆ ಸಿಗುವುದು ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ, ಹಾಗಾಗಿ ಎಲ್ಲರೂ ಅದೇ ದಿನ ಹೊರಡುತ್ತಾರೆ, ಆಸ್ಟ್ರಿಯಾದಿಂದ ಇಟಲಿಗೆ ದಾಟುವ ಬ್ರೆನ್ನರ್ ಕಣಿವೆದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ನಾವೂ ಸಿಕ್ಕಿಕೊಂಡೆವು. ನಾನು, ನನ್ನ ಗಂಡ, ಮ್ಯೂನಿಕ್‌ನಲ್ಲಿ ಓದುತ್ತಿರುವ ಅಕ್ಕನ ಮಗ ಒಂದು ಕಾರಿನಲ್ಲಿ. ಹಾಸನದ ಗೆಳತಿ, ಅವಳ ಗಂಡ, ಎಂಟು ವರ್ಷದ ಮಗಳು ಇನ್ನೊಂದರಲ್ಲಿ. ಅವರಿಗೆ ಸ್ಕೀಯಿಂಗ್ ಹೊಸದು. ನಮ್ಮ ಹುಡುಗ, ಅಂದರೆ ಅಕ್ಕನ ಮಗ, ಸ್ನೋಬೋರ್ಡ್‌ನವನು: ಎರಡು ಸ್ಕೀ ಬದಲು ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿಕೊಂಡು ಇಳಿಯುತ್ತಾನೆ.

ಹೋದದ್ದು ಇಟಲಿಯ ವಾಲ್ ಗಾರ್ಡೆನಾ ಕಣಿವೆಯ ಸೆಲ್ವಾ ಎಂಬ ಊರಿಗೆ. ಇಲ್ಲಿ ಜನ ಇಟಾಲಿಯನ್, ಜರ್ಮನ್, ಜೊತೆಗೆ ಲಾಡಿನ್ ಎಂಬ ತಮ್ಮದೇ ಭಾಷೆಯನ್ನೂ ಆಡುತ್ತಾರೆ. ಸುತ್ತ ಡೊಲೊಮೈಟ್ಸ್‌ನ ಬೋಳು ಕಲ್ಲಿನ ಶಿಖರಗಳು. ಒಂದೇ ಲಿಫ್ಟ್ ಪಾಸಿನಲ್ಲಿ 12 ಸ್ಕೀ ಪ್ರದೇಶಗಳು, ಒಟ್ಟು 1,200 ಕಿಲೋಮೀಟರ್ ಪಿಸ್ಟ್. ಹಿಮವನ್ನು ಯಂತ್ರದಿಂದ ಹದ ಮಾಡಿ, ಬಣ್ಣ, ನಂಬರ್ ಕೊಟ್ಟ ಇಳಿಜಾರಿಗೆ ಪಿಸ್ಟ್ ಅನ್ನುತ್ತಾರೆ. ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ.

ಸಂಜೆ ಬಾಡಿಗೆ ಅಂಗಡಿಗೆ ಹೋದೆವು. ಸುರಕ್ಷತೆ ಶುರುವಾಗುವುದು ಅಲ್ಲೇ ಅಂತ ನನ್ನ ಗಟ್ಟಿ ನಂಬಿಕೆ. ಅಂಗಡಿಯವನು ತೂಕ, ಎತ್ತರ, ವಯಸ್ಸು, ಎಷ್ಟು ಚೆನ್ನಾಗಿ ಸ್ಕೀ ಮಾಡುತ್ತೀರಿ ಅಂತೆಲ್ಲ ಕೇಳುತ್ತಾನೆ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಎಷ್ಟು ಬಿಗಿ ಇರಬೇಕು ಅನ್ನುವುದು ಆ ಲೆಕ್ಕದಲ್ಲಿ ಗೊತ್ತಾಗುತ್ತದೆ. ಬಿದ್ದಾಗ ಬೈಂಡಿಂಗ್ ಬಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಸ್ಕೀ ತಿರುಗಿದ ಕಡೆಗೆ ಮಂಡಿಯೂ ತಿರುಗುತ್ತದೆ. ತೂಕ ಕಡಿಮೆ ಹೇಳಿದರೆ ನಡುದಾರಿಯಲ್ಲೇ ಕಳಚುತ್ತದೆ. "ಚೆನ್ನಾಗಿ ಬರುತ್ತೆ" ಅಂತ ಬಡಾಯಿ ಹೇಳಿದರೆ ಬಿಡಬೇಕಾದಾಗ ಬಿಡುವುದಿಲ್ಲ. ಗೆಳತಿಯ ಗಂಡನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ, ಅವರು ಒಂದೊಂದಕ್ಕೂ ಸರಿಯಾದ ಉತ್ತರ ಕೊಟ್ಟರು.

ಹೆಲ್ಮೆಟ್ ಬೇಕಾ ಬೇಡವಾ ಅನ್ನುವ ಮಾತೇ ಈಗ ಇಲ್ಲ. ಇಟಲಿಯಲ್ಲಿ 2022ರಿಂದ 18 ವರ್ಷದೊಳಗಿನವರಿಗೆ ಕಡ್ಡಾಯವಾಗಿತ್ತು, 2025ರ ನವೆಂಬರ್ 1ರಿಂದ ಎಲ್ಲರಿಗೂ ಕಡ್ಡಾಯ. ಬೇರೆಯವರಿಗೆ ಪೆಟ್ಟು ಮಾಡಿದರೆ ಪರಿಹಾರ ಕೊಡುವ ಇನ್ಶೂರೆನ್ಸ್ ಕೂಡ 2022ರಿಂದ ಕಡ್ಡಾಯ. ಜರ್ಮನಿಯಲ್ಲಿರುವ ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇಂಥ ಪಾಲಿಸಿ ಇರುತ್ತದೆ, ಆದರೆ ಅದರ ಕಾಗದ ಜೇಬಿನಲ್ಲೋ ಫೋನಿನಲ್ಲೋ ಇರಬೇಕು. ಇಲ್ಲದವರು ಪಾಸ್ ಕೊಳ್ಳುವಾಗಲೇ ದಿನದ ಲೆಕ್ಕದಲ್ಲಿ ತೆಗೆದುಕೊಳ್ಳಬಹುದು.

ಭಾನುವಾರ

ಹೊಸಬರನ್ನು ಕರೆದುಕೊಂಡು ಆಲ್ಪೆ ದಿ ಸಿಯುಸಿಗೆ ಹೋದೆವು. ಅದೇ ಕಣಿವೆಯ ಒರ್ಟಿಸೇ ಊರಿನಿಂದ ಗೊಂಡೊಲಾ (ತಂತಿಯಲ್ಲಿ ಸಾಗುವ ಮುಚ್ಚಿದ ಡಬ್ಬಿಯ ಲಿಫ್ಟ್) ಹತ್ತಿದರೆ ಸಾಕು, ಮೇಲೆ ಕಣ್ಣು ಹೋದಷ್ಟು ದೂರ ಅಲೆಅಲೆಯಾದ ಬಯಲು. ಯುರೋಪಿನ ಅತಿ ದೊಡ್ಡ ಎತ್ತರದ ಹುಲ್ಲುಗಾವಲು ಇದು, ಚಳಿಗಾಲದಲ್ಲಿ ಪೂರ್ತಿ ಬಿಳಿ. ಇಳಿಜಾರು ಕಡಿದಲ್ಲ, ಅಗಲವೂ ಜಾಸ್ತಿ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನಾನು ನೋಡಿಲ್ಲ.

ಆಲ್ಪ್ಸ್‌ನ ಲಿಫ್ಟ್ ಸ್ಟೇಷನ್‌ಗಳಲ್ಲಿ ಹತ್ತು ನಿಯಮಗಳ ಬೋರ್ಡ್ ಇರುತ್ತದೆ. ಅಂತಾರಾಷ್ಟ್ರೀಯ ಸ್ಕೀ ಫೆಡರೇಶನ್ ಅಂದರೆ ಎಫ್‌ಐಎಸ್ 1967ರಲ್ಲಿ ಮಾಡಿದ ನಿಯಮಗಳು ಇವು. ಸ್ನೋಬೋರ್ಡ್ ಅನ್ನುವುದು ಆಗ ಹುಟ್ಟೇ ಇರಲಿಲ್ಲ ಅನ್ನಬಹುದು, ಈಗ ಅವರಿಗೂ ಇವೇ ನಿಯಮ. ಬರೀ ಸಲಹೆ ಅಂದುಕೊಳ್ಳಬೇಡಿ. ಡಿಕ್ಕಿಯಾಗಿ ಕೇಸು ಕೋರ್ಟಿಗೆ ಹೋದರೆ ಆಲ್ಪ್ಸ್ ದೇಶಗಳ ನ್ಯಾಯಾಧೀಶರು ಮೊದಲು ನೋಡುವುದು ಇವನ್ನೇ. ಜನ ಬೋರ್ಡಿನ ಮುಂದೆಯೇ ಕ್ಯೂ ನಿಲ್ಲುತ್ತಾರೆ, ಓದುವವರು ಕಡಿಮೆ.

ನಾನು ಗೆಳತಿಗೆ ಮೂರನೆಯದನ್ನು ತೋರಿಸಿದೆ. ಹಿಂದಿನಿಂದ ಬರುವವರು ಮುಂದಿರುವವರಿಗೆ ಅಪಾಯವಾಗದ ಹಾಗೆ ತಮ್ಮ ದಾರಿ ಆರಿಸಿಕೊಳ್ಳಬೇಕು. ಈ ಒಂದನ್ನು ಮನಸ್ಸಿಗೆ ತೆಗೆದುಕೊಂಡರೆ ಉಳಿದ ಬಹುಪಾಲು ತಾನಾಗಿ ಬರುತ್ತದೆ. ಕೆಳಗಿರುವವರಿಗೆ ಬೆನ್ನಿನಲ್ಲಿ ಕಣ್ಣಿಲ್ಲ. ಅವರು ಎಡಕ್ಕೆ ತಿರುಗಬಹುದು, ಬಲಕ್ಕೆ ತಿರುಗಬಹುದು, ಬೀಳಬಹುದು, ಸುಮ್ನೆ ನಿಂತುಬಿಡಬಹುದು. ಅದೆಲ್ಲ ಅವರ ಹಕ್ಕು. ಮೇಲಿರುವವರಿಗೆ ಎಲ್ಲ ಕಾಣುತ್ತದೆ, ಆದ್ದರಿಂದ ಜವಾಬ್ದಾರಿ ಅವರದು. "ಅಂದ್ರೆ ನಾನು ಹೆಂಗೆ ಬಿದ್ರೂ ನಂದು ತಪ್ಪಿಲ್ವಾ?" ಅಂತ ಕೇಳಿದಳು. "ಬೀಳೋದು ತಪ್ಪಲ್ಲ ಕಣೇ, ಬಿದ್ದ ಮೇಲೆ ಆದಷ್ಟು ಬೇಗ ಪಕ್ಕಕ್ಕೆ ಸರಿಬೇಕು" ಅಂದೆ. ಆಮೇಲೆ ಮತ್ತೆ ಹೊರಡುವಾಗ ಮೇಲೆ ನೋಡಬೇಕು, ಅದು ಕೆಳಗಿರುವವರ ಪಾಲಿನ ಕೆಲಸ. ಐದನೇ ನಿಯಮ ಅದನ್ನೇ ಹೇಳುತ್ತದೆ. ನಿಂತಲ್ಲಿಂದ ಹೊರಡುವಾಗ, ಇನ್ನೊಂದು ಪಿಸ್ಟ್‌ಗೆ ಸೇರುವಾಗ ಮೇಲೂ ಕೆಳಗೂ ನೋಡಿ.

ಗೆಳತಿಯ ಮಗಳನ್ನು ಮೊದಲೇ ಸ್ಕೀ ಶಾಲೆಗೆ ಸೇರಿಸಿದ್ದರು, ದೊಡ್ಡವರಿಬ್ಬರೂ ಟೀಚರ್ ಇಟ್ಟುಕೊಂಡರು. ಇದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮ ಹುಡುಗರು ಎಷ್ಟೋ ಜನ ವಿಡಿಯೋ ನೋಡಿ, ಗೆಳೆಯನ ಜೊತೆ ನೇರ ಮೇಲಕ್ಕೆ ಹೋಗಿಬಿಡುತ್ತಾರೆ. ನಿಲ್ಲುವುದು ಗೊತ್ತಿಲ್ಲದೆ ಜನ ತುಂಬಿದ ಇಳಿಜಾರಿಗೆ ಬಂದರೆ ಅಪಾಯ ಅವರಿಗೆ ಮಾತ್ರ ಅಲ್ಲ.

ಮಧ್ಯಾಹ್ನ ಪುಟ್ಟ ಮಕ್ಕಳ ಸಾಲೊಂದು ಟೀಚರ್ ಹಿಂದೆ ಅಂಕುಡೊಂಕಾಗಿ ಇಳಿಯುತ್ತಿತ್ತು. ಒಬ್ಬ ದೊಡ್ಡ ಮನುಷ್ಯ ಆ ಸಾಲಿನ ನಡುವೆ ತೂರಿಕೊಂಡು ಹೋದ. ಹಿಂದಿನ ಮಗು ಹೆದರಿ ಕೂತುಬಿಟ್ಟಿತು. ಯಾರಿಗೂ ತಾಗಲಿಲ್ಲ, ಆದರೂ ನನಗೆ ತುಂಬಾ ಸಿಟ್ಟು ಬಂತು. ಮಕ್ಕಳು ಮುಂದಿನ ಮಗುವನ್ನು ಮಾತ್ರ ನೋಡಿಕೊಂಡು ಬರುತ್ತಾರೆ. ಆ ಸಾಲು ಪೂರ್ತಿ ಹೋಗುವವರೆಗೆ ಕಾಯಲು ಎಷ್ಟು ಹೊತ್ತು ಬೇಕು?

ಸೋಮವಾರ

ಹೊಸಬರು ಟೀಚರ್ ಜೊತೆ ಅಲ್ಲೇ ಉಳಿದರು. ನಾವು ಮೂವರು ಸೆಲ್ವಾದ ಮೇಲಿರುವ ಚಾಂಪಿನೋಯ್ ಬೆಟ್ಟದ ಕಡೆ ಹೋದೆವು. ಬೆಳಿಗ್ಗೆ ಹಿಮ ಗಟ್ಟಿ. ರಾತ್ರಿಯೆಲ್ಲ ಹದ ಮಾಡಿದ ಗೆರೆಗಳು ಹಾಗೇ ಇದ್ದವು.

ಲಿಫ್ಟಿನ ಕ್ಯೂನಲ್ಲಿ ಬೇರೆಯವರ ಸ್ಕೀ ಮೇಲೆ ಕಾಲಿಡಬೇಡಿ. ಸ್ಕೀಯ ಅಂಚಿನಲ್ಲಿ ಕಬ್ಬಿಣವಿದೆ, ಅದು ಇನ್ನೊಬ್ಬರ ಸ್ಕೀಯನ್ನು ಗೀರುತ್ತದೆ. ಚೇರ್ ಲಿಫ್ಟಿನಲ್ಲಿ ಕೂತ ಮೇಲೆ ತಲೆಯ ಮೇಲಿನ ಬಾರನ್ನು ಎಳೆಯುವ ಮೊದಲು ಒಂದು ಮಾತು ಹೇಳಿ, ಯಾವ ಭಾಷೆಯಾದರೂ ಸರಿ. ಹೇಳದೆ ಎಳೆದರೆ ಪಕ್ಕದವರ ತಲೆಗೋ ತೊಡೆಗೋ ಬಡಿಯುತ್ತದೆ. ಮೇಲೆ ಇಳಿದ ಕೂಡಲೇ ಜಾಗ ಬಿಟ್ಟು ಮುಂದೆ ಹೋಗಿ. ಹಿಂದಿನ ಚೇರಿನವರಿಗೆ ನಿಲ್ಲುವ ಆಯ್ಕೆ ಇರುವುದಿಲ್ಲ.

ಸ್ನೋಬೋರ್ಡ್‌ನವರು ಲಿಫ್ಟ್ ಹತ್ತುವಾಗ ಹಿಂದಿನ ಕಾಲನ್ನು ಬೈಂಡಿಂಗ್‌ನಿಂದ ಬಿಚ್ಚಿರುತ್ತಾರೆ. ಮೇಲೆ ಇಳಿದು, ಒಂದು ಕಡೆ ಕೂತು ಮತ್ತೆ ಕಟ್ಟಿಕೊಳ್ಳಬೇಕು. ಸ್ಕೀಯವರು ಅದನ್ನು ನೋಡಿ ಗೊಣಗುತ್ತಾರೆ. "ದಾರಿ ಮಧ್ಯ ಕೂತಿರ್ತಾರೆ" ಅನ್ನುವುದು ಎಲ್ಲ ಕಡೆ ಕೇಳುವ ದೂರು. ಪಿಸ್ಟ್ ನಡುವೆ ಐದಾರು ಜನ ಸಾಲಾಗಿ ಕೂತರೆ ಅದು ತಪ್ಪೇ, ಅದಕ್ಕೆ ಸಮರ್ಥನೆ ಇಲ್ಲ. ನಮ್ಮ ಹುಡುಗ ಯಾವಾಗಲೂ ಅಂಚಿಗೆ ಹೋಗಿ ಕೂರುತ್ತಾನೆ. ಆದರೆ ಅವರ ಕಷ್ಟವನ್ನೂ ಸ್ಕೀಯವರು ತಿಳಿದುಕೊಳ್ಳಬೇಕು. ಅವರ ಕೈಯಲ್ಲಿ ಕೋಲಿಲ್ಲ. ಸಮತಟ್ಟಾದ ದಾರಿ ಬಂದಾಗ ವೇಗ ಕಳೆದುಕೊಂಡರೆ ಬೋರ್ಡ್ ಬಿಚ್ಚಿ ನಡೆಯಬೇಕು. ಅಂಥ ಕಡೆ ಅವರ ಮುಂದೆ ಹೋಗಿ ಅಡ್ಡ ನಿಂತರೆ ಅವರಿಗೆ ನಿಜವಾಗಿ ತೊಂದರೆ.

ಊಟದ ಹೊತ್ತಿಗೆ ಹುಡುಗ ನನಗೆ ಇನ್ನೊಂದು ವಿಷಯ ಹೇಳಿಕೊಟ್ಟ. ಪ್ರತಿಯೊಬ್ಬ ಸ್ಕೀಯವನಿಗೂ ಇದು ಗೊತ್ತಿರಬೇಕು. "ಚಿಕ್ಕಮ್ಮ, ನೀವು ಎದುರಿಗೆ ಮುಖ ಮಾಡಿ ಇಳೀತೀರ, ನಾವು ಅಡ್ಡ ನಿಂತು ಇಳೀತೀವಿ. ನನ್ನ ಎಡಗಾಲು ಮುಂದೆ. ಹಂಗಾಗಿ ನನ್ನ ಎದೆ ಬಲಕ್ಕೆ ತಿರುಗಿರುತ್ತೆ, ಎಡಗಡೆ ಪೂರ್ತಿ ಬೆನ್ನು. ಆ ಕಡೆಯಿಂದ ಯಾರು ಬಂದ್ರೂ ನನಗೆ ಕಾಣಲ್ಲ" ಅಂದ. ಬಲಗಾಲು ಮುಂದಿಡುವವರಿಗೆ ಇದು ಉಲ್ಟಾ. ಅಂದರೆ ಹಿಂದಿನಿಂದ ಬರುವವರು ಬೋರ್ಡಿನವರ ಯಾವ ಕಾಲು ಮುಂದಿದೆ ಅಂತ ನೋಡಿದರೆ ಅವರ ಕುರುಡು ಬದಿ ಯಾವುದು ಅಂತ ತಿಳಿಯುತ್ತದೆ. ಆ ಬದಿಯಿಂದ ದಾಟಲೇಬೇಕಾದರೆ ಅವರ ಒಂದು ಪೂರ್ತಿ ತಿರುವಿನಷ್ಟು ಜಾಗ ಬಿಟ್ಟು ದಾಟಬೇಕು.

ಹಿಂದಿನಿಂದ ಕೂಗಿ ಎಚ್ಚರಿಸುವುದು ನನಗೆ ಸರಿ ಕಾಣುವುದಿಲ್ಲ. ಅಮೆರಿಕದಲ್ಲಿ "ಎಡಗಡೆಯಿಂದ ಬರ್ತಿದೀನಿ" ಅಂತ ಕೂಗುವ ರೂಢಿ ಇದೆ. ಕಲಿಯುವವರು ಕೂಗು ಕೇಳಿ ಬೆಚ್ಚುತ್ತಾರೆ, ತಲೆ ತಿರುಗಿಸುತ್ತಾರೆ. ತಲೆ ತಿರುಗಿದ ಕಡೆಗೆ ದೇಹ ಹೋಗುತ್ತದೆ. ಕೂಗಬೇಕಾಗುವಷ್ಟು ಹತ್ತಿರ ಹೋಗದೇ ಇರುವುದೇ ಒಳ್ಳೆಯದು.

ಮಂಗಳವಾರ

ಸೆಲ್ಲಾರೋಂಡಾ. ಸೆಲ್ಲಾ ಎಂಬ ದೊಡ್ಡ ಬಂಡೆಬೆಟ್ಟದ ಸುತ್ತ ಸ್ಕೀ ಮಾಡುತ್ತಲೇ ಪ್ರದಕ್ಷಿಣೆ. ಗಾರ್ಡೆನಾ, ಕಾಂಪೊಲೊಂಗೊ, ಪೊರ್ಡೊಯ್, ಸೆಲ್ಲಾ, ನಾಲ್ಕು ಕಣಿವೆದಾರಿಗಳನ್ನು ದಾಟಬೇಕು. ಲಿಫ್ಟೆಲ್ಲ ಸೇರಿ ಸುಮಾರು 40 ಕಿಲೋಮೀಟರ್. ಗಡಿಯಾರದ ಮುಳ್ಳಿನ ದಿಕ್ಕಿಗೆ ಕಿತ್ತಳೆ ಬೋರ್ಡ್, ಅದರ ವಿರುದ್ಧ ಹಸಿರು. ನಾವು ಕಿತ್ತಳೆ ಹಿಡಿದೆವು. ಬೆಳಿಗ್ಗೆ ಬೇಗ ದಾಂತರ್‌ಚೆಪಿಯೆಸ್ ಗೊಂಡೊಲಾ ಹತ್ತಿ, ಕೊಲ್ಫೊಸ್ಕೊ, ಕೊರ್ವಾರಾ ಊರುಗಳಿಗೆ. ಬೆಟ್ಟದ ನೆರಳಿನಿಂದ ಬಿಸಿಲಿಗೆ, ಬಿಸಿಲಿನಿಂದ ಮತ್ತೆ ನೆರಳಿಗೆ. ಎಷ್ಟು ಚಂದ ಅಂದರೆ ಮಾತು ಸಾಲದು.

ಆಮೇಲೆ ಬರುವ ಅರಬ್ಬಾ ಊರಿನಲ್ಲಿ ಲಿಫ್ಟಿನ ಕ್ಯೂ ದೊಡ್ಡದಿತ್ತು. ತೊಂದರೆ ಅಲ್ಲಿಂದ ಶುರುವಾಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಪ್ರದಕ್ಷಿಣೆ ಮುಗಿಸುವವರು ಮಧ್ಯಾಹ್ನ ಮೂರೂವರೆಯೊಳಗೆ ಕೊನೆಯ ಕಣಿವೆದಾರಿ ದಾಟಬೇಕು, ಇಲ್ಲದಿದ್ದರೆ ಲಿಫ್ಟ್ ಮುಚ್ಚಿ ಬೇರೆ ಕಣಿವೆಯಲ್ಲಿ ಉಳಿದುಬಿಡುತ್ತಾರೆ. ಕ್ಯೂನಲ್ಲಿ ಕಳೆದ ಸಮಯವನ್ನು ಜನ ಇಳಿಜಾರಿನಲ್ಲಿ ಗಳಿಸಲು ನೋಡುತ್ತಾರೆ. ಅದೇ ಹೊತ್ತಿಗೆ ಕಾಲು ದಣಿದಿರುತ್ತದೆ, ಬಿಸಿಲಿಗೆ ಹಿಮ ಮೆತ್ತಗಾಗಿ ಗುಪ್ಪೆ ಗುಪ್ಪೆಯಾಗಿರುತ್ತದೆ, ನಾಲ್ಕು ಕಡೆಯ ಜನ ಒಂದೇ ದಾರಿಗೆ ಸೇರಿರುತ್ತಾರೆ.

ಸೆಲ್ಲಾ ಕಣಿವೆದಾರಿ ದಾಟಿ ಪ್ಲಾನ್ ದೆ ಗ್ರಾಲ್ಬಾ ಕಡೆ ಇಳಿಯುತ್ತಿದ್ದೆವು. ದಾರಿ ಕಿರಿದಾಗುವ ಜಾಗ. ಹುಡುಗ ಮುಂದೆ, ನಿಧಾನವಾಗಿ, ಸಮನಾದ ತಿರುವುಗಳಲ್ಲಿ ಹೋಗುತ್ತಿದ್ದ. ನಾನು ಅವನ ಮೇಲೆ, ಸಾಕಷ್ಟು ದೂರದಲ್ಲಿ. ನನ್ನ ಪಕ್ಕದಿಂದ ಒಬ್ಬ ಯುವಕ ಸ್ಕೀಯಲ್ಲಿ ತುಂಬಾ ವೇಗವಾಗಿ ಹೋದ, ನೇರ ಗೆರೆ ಎಳೆದ ಹಾಗೆ. ಹುಡುಗ ಹಿಮ್ಮಡಿಯ ಅಂಚಿನ ಮೇಲೆ ಎಡಕ್ಕೆ ತಿರುಗಿದ. ಅವನ ಬೆನ್ನಿರುವ ಕಡೆ. ಆ ಯುವಕ ಅದೇ ಎಡಗಡೆಯ ಸಂದಿಯಲ್ಲಿ ನುಗ್ಗಿದ್ದ. ನಾನು ಕೂಗುವಷ್ಟರಲ್ಲಿ ಇಬ್ಬರೂ ಹಿಮದಲ್ಲಿ ಉರುಳುತ್ತಿದ್ದರು.

ನನ್ನ ಗಂಡ ಮೊದಲು ಮಾಡಿದ್ದು ತನ್ನ ಸ್ಕೀ ಎರಡನ್ನೂ ಬಿಚ್ಚಿ, ಬಿದ್ದವರಿಂದ ಸ್ವಲ್ಪ ಮೇಲೆ ಕತ್ತರಿಯ ಹಾಗೆ ಹಿಮಕ್ಕೆ ನೆಟ್ಟದ್ದು. ಮೇಲಿಂದ ಬರುವವರಿಗೆ ಇಲ್ಲಿ ಯಾರೋ ಬಿದ್ದಿದ್ದಾರೆ ಅಂತ ದೂರದಿಂದಲೇ ಕಾಣುತ್ತದೆ. ಎರಡನೇ ಡಿಕ್ಕಿ ಮೊದಲನೆಯದಕ್ಕಿಂತ ಕೆಟ್ಟದ್ದಾಗಬಹುದು, ಅದಕ್ಕೇ ಇದು ಎಲ್ಲಕ್ಕಿಂತ ಮೊದಲು. ಆಮೇಲೆ ಹುಡುಗನ ಹತ್ತಿರ ಹೋದೆ. ಪ್ರಜ್ಞೆ ಇತ್ತು, ಹೆಸರು, ದಿನ ಎಲ್ಲ ಸರಿಯಾಗಿ ಹೇಳಿದ. ಮಣಿಕಟ್ಟು ಹಿಡಿದುಕೊಂಡಿದ್ದ. ಹೆಲ್ಮೆಟ್ ತೆಗೆಯಲು ಬಿಡಲಿಲ್ಲ, ಏಳು ಅಂತ ಅವಸರ ಮಾಡಲಿಲ್ಲ. ಯುವಕನಿಗೆ ಏನೂ ಆಗಿರಲಿಲ್ಲ, ಗಾಬರಿ ಮಾತ್ರ.

112ಕ್ಕೆ ಫೋನ್ ಮಾಡಿದೆ. ಎಲ್ಲಿದ್ದೀರಿ ಅಂತ ಕೇಳಿದರು. ಪಿಸ್ಟ್ ಅಂಚಿನ ಕಂಬದ ಮೇಲೆ ದುಂಡು ಫಲಕದಲ್ಲಿ ನಂಬರ್ ಇರುತ್ತದೆ, ಅದನ್ನು ಓದಿ ಹೇಳಿದೆ. ಇಳಿಯುವಾಗ ಆಗಾಗ ಆ ನಂಬರ್ ಕಡೆ ಕಣ್ಣು ಹಾಯಿಸುವ ಅಭ್ಯಾಸ ಇಟ್ಟುಕೊಳ್ಳಿ. ಪಿಸ್ಟ್ ರಕ್ಷಣೆಯವರು ಸ್ನೋಮೊಬೈಲ್‌ನಲ್ಲಿ ಬಂದರು.

ಅಷ್ಟರಲ್ಲಿ ಆ ಯುವಕ "ಅವನು ಇದ್ದಕ್ಕಿದ್ದ ಹಾಗೆ ಅಡ್ಡ ಬಂದ, ಸ್ನೋಬೋರ್ಡ್‌ನವರು ಯಾವಾಗಲೂ ಹೀಗೇ" ಅಂದ. ನನಗೆ ನೋವಾದದ್ದು ಆ ಮಾತಿನಿಂದ. ರಸ್ತೆಯಲ್ಲಿ ಮುಂದಿನ ಗಾಡಿಗೆ ಹಿಂದಿನಿಂದ ಗುದ್ದಿ, ಅವನು ಯಾಕೆ ತಿರುಗಿದ ಅಂತ ಕೇಳಿದ ಹಾಗೆ. ನಾನು ದನಿ ಏರಿಸಲಿಲ್ಲ. ನೀವು ಮೇಲಿದ್ದಿರಿ, ಅವನು ಕೆಳಗಿದ್ದ, ನಾನು ಇಬ್ಬರ ಮೇಲಿಂದ ನೋಡಿದೆ ಅಂತ ಮಾತ್ರ ಹೇಳಿದೆ. ಅವನು ಸುಮ್ಮನಾದ. ಹತ್ತನೇ ನಿಯಮದ ಪ್ರಕಾರ ಡಿಕ್ಕಿಯಲ್ಲಿ ಇದ್ದವರು ಮಾತ್ರ ಅಲ್ಲ, ಕಣ್ಣಾರೆ ನೋಡಿದವರೂ ಹೆಸರು, ವಿಳಾಸ ಕೊಡಬೇಕು. ಯಾರದು ತಪ್ಪು ಅನ್ನುವುದು ಆಮೇಲಿನ ಮಾತು. ಅವನು ಹಿಂದೆಮುಂದೆ ನೋಡದೆ ಕೊಟ್ಟ, ಫೋನ್ ನಂಬರೂ ಕೊಟ್ಟ, ಹುಡುಗನನ್ನು ಸ್ನೋಮೊಬೈಲ್ ಹತ್ತಿಸುವವರೆಗೆ ನಿಂತಿದ್ದ. ಅದು ಒಳ್ಳೆಯತನ, ಅದನ್ನೂ ಹೇಳಲೇಬೇಕು.

ಬುಧವಾರ

ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ, ಉಳುಕು. ಸ್ನೋಬೋರ್ಡ್‌ನವರಿಗೆ ಹೆಚ್ಚಾಗಿ ಪೆಟ್ಟಾಗುವುದು ಮಣಿಕಟ್ಟಿಗೇ, ಬೀಳುವಾಗ ಕೈ ಊರುತ್ತಾರೆ. ಸ್ಕೀಯವರಿಗೆ ಮಂಡಿ, ಕೋಲು ಹಿಡಿದು ಬಿದ್ದರೆ ಹೆಬ್ಬೆರಳು. ಹುಡುಗ ಮಣಿಕಟ್ಟಿನ ಗಾರ್ಡ್ ಹಾಕಿದ್ದ. ಅದಿಲ್ಲದಿದ್ದರೆ ಏನಾಗುತ್ತಿತ್ತೋ. ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ಅವನೇ ಮಾತಾಡಿದ, ಕೈ ತೋರಿಸಿದ. "ಬೋರ್ಡ್ ಬಿಟ್ಬಿಡೋ" ಅಂದಳು ಅಕ್ಕ. ಅವನು ಉತ್ತರ ಕೊಡಲಿಲ್ಲ.

ಹೊರಗೆ ಹಿಮ ಬೀಳುತ್ತಿತ್ತು. ಎಲ್ಲರೂ ಮನೆಯಲ್ಲೇ. ಗೆಳತಿ ಪುಳಿಯೋಗರೆ ಕಲಸಿದಳು, ಮಾತು ನಿನ್ನೆಯದೇ ನಡೆಯಿತು. ಸ್ಕೀ ಮತ್ತು ಬೋರ್ಡಿನ ಜಗಳ ಹಳೆಯದು. ಅಮೆರಿಕದಲ್ಲಿ ಡಿಯರ್ ವ್ಯಾಲಿ, ಆಲ್ಟಾ, ಮ್ಯಾಡ್ ರಿವರ್ ಗ್ಲೆನ್ ಎಂಬ ಮೂರು ಕಡೆ ಸ್ನೋಬೋರ್ಡ್‌ಗೆ ಪ್ರವೇಶವೇ ಇಲ್ಲ. ಆದರೆ ಜಗತ್ತೆಲ್ಲ ನೋಡಿದ ಡಿಕ್ಕಿ ಕೇಸು ಅದೇ ಡಿಯರ್ ವ್ಯಾಲಿಯದು. 2016ರಲ್ಲಿ ನಟಿ ಗ್ವಿನೆತ್ ಪ್ಯಾಲ್ಟ್ರೋ ಮತ್ತು ಒಬ್ಬ ನಿವೃತ್ತ ಆಪ್ಟೋಮೆಟ್ರಿಸ್ಟ್ (ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುವವರು) ನಡುವೆ ಆದ ಡಿಕ್ಕಿ, ಇಬ್ಬರೂ ಸ್ಕೀಯವರೇ. 2023ರಲ್ಲಿ ವಿಚಾರಣೆ ನಡೆದಾಗ ವಾದವೆಲ್ಲ ಸುತ್ತಿದ್ದು ಒಂದೇ ಪ್ರಶ್ನೆಯ ಸುತ್ತ: ಯಾರು ಮೇಲಿದ್ದರು, ಯಾರು ಕೆಳಗಿದ್ದರು? ತಪ್ಪು ಆ ಆಪ್ಟೋಮೆಟ್ರಿಸ್ಟರದೇ ಅಂತ ಜ್ಯೂರಿ ಹೇಳಿತು. ನಟಿ ಕೇಳಿದ್ದು ಒಂದು ಡಾಲರ್ ಪರಿಹಾರ, ಅದು ಸಿಕ್ಕಿತು.

ನನ್ನ ಗಂಡ ಇನ್ನೊಂದನ್ನು ನೆನಪಿಸಿದರು. ಜರ್ಮನಿಯಲ್ಲಿ ಇರುವವರು ಅದನ್ನು ಮರೆಯುವುದು ಕಷ್ಟ. 2009ರ ಜನವರಿ 1. ಥುರಿಂಗಿಯಾ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಡೀಟರ್ ಆಲ್ಟ್‌ಹೌಸ್ ಆಸ್ಟ್ರಿಯಾದ ರೀಸ್ನರ್‌ಆಲ್ಮ್‌ನಲ್ಲಿ, ಎರಡು ಪಿಸ್ಟ್ ಸೇರುವ ಕಡೆ, ಎದುರು ಪಿಸ್ಟ್‌ಗೆ ನುಗ್ಗಿ ಒಬ್ಬ ಮಹಿಳೆಗೆ ಡಿಕ್ಕಿ ಹೊಡೆದರು. ಆಕೆ ತೀರಿಕೊಂಡರು. ಹೆಲ್ಮೆಟ್ ಹಾಕಿದ್ದ ಆಲ್ಟ್‌ಹೌಸ್ ತಲೆಗೆ ಭಾರಿ ಪೆಟ್ಟು ಬಿದ್ದರೂ ಬದುಕಿದರು, ಆಕೆಯ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದರು ಅಂತ ಅದೇ ವರ್ಷ ಮಾರ್ಚ್‌ನಲ್ಲಿ ಆಸ್ಟ್ರಿಯಾದ ಕೋರ್ಟು 33,300 ಯೂರೋ ದಂಡ ಹಾಕಿತು. ಆ ಚಳಿಗಾಲದಲ್ಲಿ ಹೆಲ್ಮೆಟ್ ಕೊಳ್ಳಲು ಜನ ಮುಗಿಬಿದ್ದರು.

ಎರಡು ಕೇಸಿನಲ್ಲೂ ಬೋರ್ಡ್ ಇಲ್ಲ ನೋಡಿ. ಕಾಲಿಗೆ ಒಂದು ಹಲಗೆ ಕಟ್ಟಿದ್ದಾರಾ ಎರಡಾ ಅನ್ನುವುದರ ಮೇಲೆ ಮನುಷ್ಯರನ್ನು ಅಳೆಯುವುದು ಬಿಡಬೇಕು. ನಿನ್ನೆಯ ಯುವಕನ ತಲೆಯಲ್ಲಿ ಆ ಅಳತೆಗೋಲು ಇಲ್ಲದಿದ್ದರೆ ಅವನು ಬಹುಶಃ ಮೊದಲ ಮಾತಾಗಿ ಕ್ಷಮೆ ಕೇಳುತ್ತಿದ್ದ.

ಕುಡಿಯುವ ವಿಷಯವೂ ಬಂತು. ಬೆಟ್ಟದ ಮೇಲಿನ ಗುಡಿಸಲು ಹೋಟೆಲುಗಳಲ್ಲಿ ಮಧ್ಯಾಹ್ನವೇ ಬಿಯರ್, ಬಾಂಬಾರ್ದಿನೊ ಎಂಬ ಬಿಸಿ ಮದ್ಯ ಹರಿಯುತ್ತದೆ. ಇಟಲಿಯಲ್ಲಿ 2022ರಿಂದ ಕುಡಿದು ಸ್ಕೀ ಮಾಡುವುದೂ ಕಾನೂನಿಗೆ ವಿರುದ್ಧ, ಗಾಡಿ ಓಡಿಸುವವರ ಮಿತಿಯೇ ಇಲ್ಲಿಯೂ. ಸ್ಕೀ ಮೇಲೆಯೇ ಓಡಾಡುವ ಪೊಲೀಸರು ಊದಿಸಿ ನೋಡಬಹುದು. ಕುಡಿಯುವವರು ಕುಡಿಯಲಿ, ಆದರೆ ಲಿಫ್ಟಿನಲ್ಲೇ ಕೆಳಗೆ ಬರಲಿ.

ಗುರುವಾರ

ಹುಡುಗ ಗೆಳತಿಯ ಮಗಳ ಜೊತೆ ಹಿಮದ ಮನೆ ಕಟ್ಟುತ್ತೇನೆ ಅಂತ ಕೆಳಗೇ ಉಳಿದ. ಗೆಳತಿಯ ಗಂಡ ಇಷ್ಟು ದಿನದ ಪಾಠದಿಂದ ಧೈರ್ಯ ಬಂದು ನಮ್ಮ ಜೊತೆ ಒರ್ಟಿಸೇ ಮೇಲಿನ ಸೆಚೆಡಾ ಬೆಟ್ಟಕ್ಕೆ ಬಂದರು. ಕೆಂಪು ಪಿಸ್ಟ್ ಅವರಿಗೆ ಬೇಡ ಅಂತ ಟೀಚರೂ ಹೇಳಿದ್ದರು, ನಾನೂ ಹೇಳಿದೆ. ಅವರು ಒಪ್ಪಿ ಮೇಲಿನ ನೀಲಿಗಳಲ್ಲೇ ಇದ್ದರು. ನಾವಿಬ್ಬರು ಲಾ ಲೋಂಜಿಯಾ ಎಂಬ ಪಿಸ್ಟ್‌ನಲ್ಲಿ ಒರ್ಟಿಸೇವರೆಗೆ ಇಳಿದೆವು, ಹತ್ತು ಕಿಲೋಮೀಟರಿಗೂ ಹೆಚ್ಚು, ಕಾಡಿನ ನಡುವೆ.

ಮೋಡ ಕವಿದು ಬೆಳಕು ಚಪ್ಪಟೆಯಾಗಿತ್ತು. ಇಂಥ ದಿನ ನೆರಳೇ ಬೀಳುವುದಿಲ್ಲ, ದಿಬ್ಬ ಯಾವುದು ಗುಂಡಿ ಯಾವುದು ಕಾಣುವುದಿಲ್ಲ. ಎಲ್ಲರೂ ನಿಧಾನ ಮಾಡಿದರು. ಒಂದು ದಿಬ್ಬದ ಕೆಳಗೆ ಮಾತ್ರ ನಾಲ್ಕು ಜನ ನಿಂತು ಫೋಟೋ ತೆಗೆಯುತ್ತಿದ್ದರು. ಮೇಲಿಂದ ಬರುವವರಿಗೆ ಅವರು ಕಾಣುವುದೇ ಇಲ್ಲ. ನಿಂತು, ಕೈ ತೋರಿಸಿ, ಇನ್ನಷ್ಟು ಕೆಳಗೆ ಬನ್ನಿ ಅಂದೆ. ಥ್ಯಾಂಕ್ಸ್ ಹೇಳಿ ಬಂದರು. ಗುಂಪು ಸೇರುವಾಗ ನಿಂತವರ ಕೆಳಗೆ ಹೋಗಿ ನಿಲ್ಲಬೇಕು, ಮೇಲೆ ಅಲ್ಲ. ಆಗ ನಿಲ್ಲುವುದು ತಪ್ಪಿದರೂ ಗುಂಪಿನ ಮೇಲೆ ಬೀಳುವುದಿಲ್ಲ.

ಶುಕ್ರವಾರ

ಸ್ಕೀ ವಿಶ್ವಕಪ್‌ನ ಡೌನ್‌ಹಿಲ್ ವೇಗದ ಸ್ಪರ್ಧೆ ನಡೆಯುವ ಸಾಸ್‌ಲೋಂಗ್ ಇಳಿಜಾರನ್ನು ನೋಡಲೇಬೇಕು ಅಂತ ನನಗೆ ಆಸೆ. ಡಿಸೆಂಬರ್‌ನಲ್ಲಿ ಸ್ಪರ್ಧೆ ಮುಗಿದ ಮೇಲೆ ಅದು ಎಲ್ಲರಿಗೂ ತೆರೆದಿರುತ್ತದೆ. ಬೆಳಿಗ್ಗೆ ಮೊದಲ ಲಿಫ್ಟಿಗೇ ಹೋದೆವು, ಜನ ಇರಲಿಲ್ಲ. ಸ್ಪರ್ಧಿಗಳಿಗೆ ಖಾಲಿ ದಾರಿ, ಎರಡೂ ಬದಿಗೆ ಬಲೆ. ನಮ್ಮಂಥವರಿಗೆ ಸಾಮಾನ್ಯವಾಗಿ ಅವೆರಡೂ ಇರುವುದಿಲ್ಲ, ಅವರ ವೇಗವೂ ನಮಗೆ ಬೇಡ.

ಮಧ್ಯಾಹ್ನ ಮೂರಕ್ಕೇ ನಿಲ್ಲಿಸಿದೆವು. ಕೊನೆಯ ದಿನ ಇನ್ನೊಂದು ಸಲ, ಇನ್ನೊಂದು ಸಲ ಅನ್ನಿಸುತ್ತದೆ, ಪೆಟ್ಟಾಗುವುದು ಆ ಇನ್ನೊಂದು ಸಲಕ್ಕೇ. ಮುಚ್ಚಿದ ಪಿಸ್ಟ್‌ಗೆ ಸಂಜೆ ಹೋಗುವವರಿಗೆ ಒಂದು ಮಾತು. ಹಿಮ ಹದ ಮಾಡುವ ಯಂತ್ರಗಳು ಕಡಿದಾದ ಕಡೆ ಉಕ್ಕಿನ ಹಗ್ಗಕ್ಕೆ ಜೋತು ಕೆಲಸ ಮಾಡುತ್ತವೆ. ಆ ಹಗ್ಗ ನೂರಾರು ಮೀಟರ್ ಉದ್ದ, ಕತ್ತಲಲ್ಲಿ ಕಾಣುವುದಿಲ್ಲ, ಒಮ್ಮೆಲೇ ಬಿಗಿಯಾಗಿ ನೆಲದಿಂದ ಮೇಲೇಳುತ್ತದೆ. ಅದಕ್ಕೆ ಸಿಕ್ಕಿ ಜನ ಸತ್ತಿದ್ದಾರೆ. ಮುಚ್ಚಿದೆ ಅಂತ ಬೋರ್ಡ್ ಇದ್ದರೆ ದಾಟಬೇಡಿ.

ರಾತ್ರಿ ಆ ಯುವಕ ಮೆಸೇಜ್ ಕಳಿಸಿದ್ದ. ಕೈ ಹೇಗಿದೆ ಅಂತ ಕೇಳಿ, ತನ್ನ ಇನ್ಶೂರೆನ್ಸ್ ವಿವರ ಹಾಕಿದ್ದ. ಎಕ್ಸ್‌ರೇ ಬಿಲ್ಲನ್ನು ಅಲ್ಲಿಗೆ ಕಳಿಸಿದ್ದೇವೆ. ಹುಡುಗ ಅವನಿಗೆ ಬೋರ್ಡಿನವರ ಕುರುಡು ಬದಿಯ ಬಗ್ಗೆ ಒಂದು ಉದ್ದದ ಉತ್ತರ ಬರೆದ, ಎಡಗೈಯಲ್ಲೇ ಟೈಪ್ ಮಾಡಿ. ಅವನು ಅದನ್ನು ಓದಿ, ಇದು ನನಗೆ ಗೊತ್ತೇ ಇರಲಿಲ್ಲ ಅಂತ ವಾಪಸ್ ಬರೆದಿದ್ದಾನೆ.

ಮುಂದಿನ ಸಲ ಜನವರಿ ಮಧ್ಯದಲ್ಲಿ ಹೋಗೋಣ ಅಂತ ಮಾತಾಗಿದೆ. ಹೊಸ ವರ್ಷದ ರಜೆ ಮುಗಿದು ಫೆಬ್ರವರಿಯ ರಜೆ ಶುರುವಾಗುವ ಮುಂಚಿನ ಆ ವಾರಗಳಲ್ಲಿ ಇಳಿಜಾರು ಖಾಲಿ ಇರುತ್ತದೆ, ಬಾಡಿಗೆಯೂ ಕಡಿಮೆ. ಗೆಳತಿಯ ಮಗಳಿಗೆ ಶಾಲೆ ಇರುವುದರಿಂದ ಅವರು ಬರುವುದು ಕಷ್ಟ. ಅವರ ಜೊತೆ ಈಸ್ಟರ್ ಹೊತ್ತಿಗೆ ಆಲ್ಪೆ ದಿ ಸಿಯುಸಿಗೆ ಇನ್ನೊಮ್ಮೆ ಹೋಗಬೇಕು, ಆಗ ಹಿಮ ಉಳಿದಿದ್ದರೆ.